ಅರೋರಾದೊಳಗೆ ಹಾರಿದ ರಾಕೆಟ್: ಗ್ರಾಫಿನ ಎಡಗಡೆಯ ಎಲೆಕ್ಟ್ರಾನ್‌ಗಳು ಎಲ್ಲಿಂದ ಬಂದವು?

ಬೆಳಕಿನಬೆರಗು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ್ದೆ. ಈಗ ಮಾಡುವ ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದರೂ ಅರೋರಾ (ಧ್ರುವಗಳ ಹತ್ತಿರ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು) ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುವುದನ್ನು ಬಿಟ್ಟಿಲ್ಲ. ಸೂರ್ಯನಿಂದ ಹೊರಟ ಕಣಗಳು ನೇರವಾಗಿ ಬಂದು ನಮ್ಮ ಗಾಳಿಗೆ ಬಡಿದು ಹೊಳೆಯುತ್ತವೆ ಅಂತ ಶಾಲೆಯಲ್ಲಿ ಕಲಿತಿದ್ದೆ. ಅದು ಅಷ್ಟು ಸರಳ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಕೊಂಡಿರುವ ಎಲೆಕ್ಟ್ರಾನ್‌ಗಳು ಕೆಳಗಿಳಿಯುವ ದಾರಿಯಲ್ಲಿ ವೇಗ ಪಡೆಯುತ್ತವಂತೆ. ಸಾವಿರಾರು ಕಿಲೋಮೀಟರ್ ಮೇಲೆ ಒಂದು ವೋಲ್ಟೇಜ್ ಇರುತ್ತದೆ, ಅದು ಅವನ್ನು ಕೆಳಕ್ಕೆ ನೂಕುತ್ತದೆ ಅನ್ನುವವರೆಗೆ ನನಗೆ ಅರ್ಥವಾಗಿದೆ.

ಮೊನ್ನೆ ಸೌಂಡಿಂಗ್ ರಾಕೆಟ್ (ಕಕ್ಷೆ ಸೇರದೆ, ಮೇಲೇರಿ ಅಳತೆ ಮಾಡಿ ಬೀಳುವ ರಾಕೆಟ್) ಒಂದರ ಗ್ರಾಫ್ ನೋಡಿದೆ. ಅಡ್ಡಗೆರೆಯಲ್ಲಿ ಎಲೆಕ್ಟ್ರಾನಿನ ಶಕ್ತಿ, ಲಂಬಗೆರೆಯಲ್ಲಿ ಎಷ್ಟು ಎಲೆಕ್ಟ್ರಾನ್ ಬಂದವು ಅನ್ನುವ ಲೆಕ್ಕ. ಕೆಳಮುಖವಾಗಿ ಬರುತ್ತಿದ್ದವನ್ನು ಮಾತ್ರ ಅದರಲ್ಲಿ ತೋರಿಸಿದ್ದಾರೆ. ಸುಮಾರು 6 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಚೂಪಾದ ಶಿಖರ ಇದೆ (ಒಂದು ವೋಲ್ಟ್ ದಾಟಿದ ಎಲೆಕ್ಟ್ರಾನ್ ಪಡೆಯುವ ಶಕ್ತಿ ಒಂದು ಎಲೆಕ್ಟ್ರಾನ್ ವೋಲ್ಟ್). ಅದರ ಬಲಗಡೆ ಗೆರೆ ಸರ‍್ರನೆ ಇಳಿಯುತ್ತದೆ. ಎಡಗಡೆ ಒಂದು ತಗ್ಗು ಇದೆ, ಆಮೇಲೆ ಶಕ್ತಿ ಕಡಿಮೆಯಾದಂತೆ ಗೆರೆ ಮತ್ತೆ ಮೇಲೇರುತ್ತಾ ಹೋಗುತ್ತದೆ.

ಇಲ್ಲೇ ನಾನು ಸಿಕ್ಕಿಬಿದ್ದಿದ್ದೇನೆ. ಮೇಲೆ 6,000 ವೋಲ್ಟ್ ಇದ್ದರೆ ಅದನ್ನು ದಾಟಿ ಬಂದ ಪ್ರತಿಯೊಂದು ಎಲೆಕ್ಟ್ರಾನಿಗೂ ಕಡೇಪಕ್ಷ 6 ಕಿಲೋ ಎಲೆಕ್ಟ್ರಾನ್ ವೋಲ್ಟ್ ಇರಲೇಬೇಕು, ಅಲ್ವಾ? ಹಾಗಿದ್ದರೆ 100, 200 ಎಲೆಕ್ಟ್ರಾನ್ ವೋಲ್ಟಿನವು ಮೇಲಿನಿಂದ ಹೇಗೆ ಬಂದವು? ಡಿಟೆಕ್ಟರ್ ತಪ್ಪಾ, ವೋಲ್ಟೇಜ್ ಕಥೆ ತಪ್ಪಾ?

ಇನ್ನೆರಡು ಸಣ್ಣ ಅನುಮಾನ. ರಾಕೆಟ್ಟೇ ಲೋಹದ್ದು, ಅದಕ್ಕೂ ಚಾರ್ಜ್ ಹತ್ತುತ್ತದೆ. ಹಾಗಾದರೆ ಅಳತೆ ಕೆಡುವುದಿಲ್ಲವೇ? ಮತ್ತೆ, ವರ್ಷಗಟ್ಟಲೆ ಸುತ್ತುವ ಉಪಗ್ರಹಗಳು ಇರುವಾಗ ಹತ್ತು ನಿಮಿಷ ಹಾರಿ ಬೀಳುವ ರಾಕೆಟ್ ಯಾಕೆ?

ದಶಾಂಶ:

ಕೊನೆಯದಕ್ಕೆ ನಾನು ಉತ್ತರಿಸಬಲ್ಲೆ. ಲೆಕ್ಕ ಹಾಕಿ ನೋಡಿ. ಕೆಳಕಕ್ಷೆಯ ಉಪಗ್ರಹ ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರ್ ಓಡುತ್ತದೆ. ಅರೋರಾದ ಒಂದು ತೆಳು ಪರದೆಯ ದಪ್ಪ ಒಂದು ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಉಪಗ್ರಹ ಅದನ್ನು 0.13 ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಅಷ್ಟರಲ್ಲಿ ಏನು ಅಳೆಯಲು ಸಾಧ್ಯ? ರಾಕೆಟ್ ತನ್ನ ದಾರಿಯ ತುದಿಯಲ್ಲಿ ಇರುವಾಗ ಅದಕ್ಕೆ ಅಡ್ಡಡ್ಡ ವೇಗ ಮಾತ್ರ ಉಳಿದಿರುತ್ತದೆ, ಸೆಕೆಂಡಿಗೆ ಒಂದು ಕಿಲೋಮೀಟರ್ ಆಸುಪಾಸು. ಅದೇ ಪರದೆಯೊಳಗೆ ಅದು ಒಂದು ಸೆಕೆಂಡ್ ಇರುತ್ತದೆ.

ಇನ್ನೊಂದು, ಹಸಿರು ಬೆಳಕು ಹುಟ್ಟುವುದೇ 100ರಿಂದ 150 ಕಿಲೋಮೀಟರ್ ಎತ್ತರದಲ್ಲಿ. ಅಷ್ಟು ಕೆಳಗೆ ಉಪಗ್ರಹ ಉಳಿಯುವುದಿಲ್ಲ, ಗಾಳಿಯ ತಡೆ ಅದನ್ನು ಬೀಳಿಸುತ್ತದೆ. ಬಲೂನು ಅಲ್ಲಿಗೆ ಏರುವುದಿಲ್ಲ. ರಾಕೆಟ್ ಒಂದೇ ದಾರಿ.

ಮೊದಲ ಪ್ರಶ್ನೆಗೆ ನನ್ನ ಊಹೆ: ಎಲೆಕ್ಟ್ರಾನ್‌ಗಳು ರಾಕೆಟ್ ತಲುಪುವ ಮುಂಚೆಯೇ ಗಾಳಿಗೆ ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಂಡಿರಬಹುದು. ಖಚಿತವಾಗಿ ಬಲ್ಲವರು ತಿದ್ದಿ.

ನಿರ್ವಾತ:

ದಶಾಂಶ ಅವರ ವೇಗದ ಲೆಕ್ಕ ಸರಿಯಾಗಿದೆ. ಆದರೆ ಊಹೆ ಸರಿಯಲ್ಲ. ರಾಕೆಟ್ 400 ಕಿಲೋಮೀಟರ್ ಎತ್ತರದಲ್ಲಿದ್ದರೆ ಅದರ ಮೇಲೆ ಗಾಳಿ ಅನ್ನುವಂಥದ್ದು ಇಲ್ಲವೇ ಇಲ್ಲ ಅನ್ನಬಹುದು. 6 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಎಲೆಕ್ಟ್ರಾನಿಗೆ ಅಲ್ಲಿ ತಡೆಯೇ ಸಿಗುವುದಿಲ್ಲ. ಅದು ನಿಲ್ಲುವುದು 100 ಕಿಲೋಮೀಟರಿಗಿಂತ ಸ್ವಲ್ಪ ಮೇಲೆ. ಒಂದು ಕಿಲೋ ಎಲೆಕ್ಟ್ರಾನ್ ವೋಲ್ಟಿನದ್ದಾದರೆ 150 ಕಿಲೋಮೀಟರ್ ಸುತ್ತಮುತ್ತ. ರಾಕೆಟ್ ಅದಕ್ಕಿಂತ ಎಷ್ಟೋ ಮೇಲಿದೆ.

ಆದರೆ ‘ಡಿಕ್ಕಿ’ ಅನ್ನುವ ಮಾತಿನಲ್ಲಿ ಅರ್ಧ ಉತ್ತರ ಇದೆ. ಡಿಕ್ಕಿ ಆಗುವುದು ರಾಕೆಟ್ಟಿನ ಕೆಳಗೆ. ಅಲ್ಲಿಗೆ ಬರುತ್ತೇನೆ. ಮೊದಲು ಉಪಕರಣ ಏನು ಅಳೆಯುತ್ತದೆ ಅಂತ ಹೇಳಬೇಕು. ಇಲ್ಲದಿದ್ದರೆ ಆ ಗ್ರಾಫನ್ನು ನಂಬಬೇಕೋ ಬೇಡವೋ ಅನ್ನುವುದು ಗೊತ್ತಾಗುವುದಿಲ್ಲ.

ನಾನು ಏಳು ವರ್ಷ ಒಂದು ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಇಂಥ ಡಿಟೆಕ್ಟರ್‌ಗಳನ್ನು ಜೋಡಿಸಿ, ಪರೀಕ್ಷಿಸುವ ಕೆಲಸ ಮಾಡಿದ್ದೇನೆ. ಎರಡು ಚಳಿಗಾಲ ಅಲಾಸ್ಕಾದ ಪೋಕರ್ ಫ್ಲ್ಯಾಟ್ ರಾಕೆಟ್ ನೆಲೆಯಲ್ಲೂ ಇದ್ದೆ. ಹಾಗಾಗಿ ಇದು ನನಗೆ ತುಂಬಾ ಹತ್ತಿರದ ವಿಷಯ.

ಈ ಉಪಕರಣದ ಹೆಸರು ಟಾಪ್-ಹ್ಯಾಟ್ ಅನಲೈಸರ್. ಒಂದರ ಮೇಲೊಂದು ಕವುಚಿಟ್ಟ ಎರಡು ಬಟ್ಟಲುಗಳನ್ನು ಕಲ್ಪಿಸಿಕೊಳ್ಳಿ. ನಡುವೆ ಮೂರು ಮಿಲಿಮೀಟರ್ ಸಂದು. ಒಳಗಿನ ಬಟ್ಟಲಿಗೆ ಧನ ವೋಲ್ಟೇಜ್ ಕೊಡುತ್ತೇವೆ, ಹೊರಗಿನದು ಸೊನ್ನೆಯಲ್ಲಿರುತ್ತದೆ. ಹೊರಬಟ್ಟಲಿನ ನೆತ್ತಿಯಲ್ಲಿ ಒಂದು ತೂತು, ಅದರ ಮೇಲೆ ಸ್ವಲ್ಪ ಎತ್ತರದಲ್ಲಿ ಒಂದು ಮುಚ್ಚಳ. ಎಲೆಕ್ಟ್ರಾನ್ ಆ ಮುಚ್ಚಳದ ಕೆಳಗಿನ ಸೀಳಿನಿಂದ ಬಂದು, ನೆತ್ತಿಯಲ್ಲಿ ಬಾಗಿ, ಸಂದಿನೊಳಗೆ ಇಳಿಯುತ್ತದೆ. ವೇಗ ಜಾಸ್ತಿ ಇದ್ದರೆ ಸಾಕಷ್ಟು ಬಾಗದೆ ಹೊರಗಿನ ಬಟ್ಟಲಿಗೆ ಬಡಿಯುತ್ತದೆ. ಕಡಿಮೆ ಇದ್ದರೆ ಒಳಗಿನದಕ್ಕೆ ಬೀಳುತ್ತದೆ. ಸರಿಯಾದ ಶಕ್ತಿ ಇದ್ದದ್ದು ಮಾತ್ರ ಕೆಳಗಿನ ಅಂಚಿನವರೆಗೆ ಜಾರಿ ಬರುತ್ತದೆ. ಬಟ್ಟಲಿನ ತ್ರಿಜ್ಯ 40 ಮಿಲಿಮೀಟರ್ ಆದರೆ, 10 ಕಿಲೋ ಎಲೆಕ್ಟ್ರಾನ್ ವೋಲ್ಟಿನವನ್ನು ಆರಿಸಲು ಸುಮಾರು 1,500 ವೋಲ್ಟ್ ಸಾಕು. ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾ ಹೋದರೆ ಒಂದೊಂದೇ ಶಕ್ತಿಯನ್ನು ಆರಿಸಿ ಎಣಿಸಿದಂತೆ. ನಾವು ಬಳಸಿದ್ದರಲ್ಲಿ 48 ಮೆಟ್ಟಿಲು ಇದ್ದವು. ಎಲ್ಲಾ ಇಳಿದು ಮುಗಿಯಲು 50 ಮಿಲಿಸೆಕೆಂಡ್.

ಅಂಚಿನಲ್ಲಿ ಕಾಯುತ್ತಿರುವುದು ಮೈಕ್ರೋಚಾನೆಲ್ ಪ್ಲೇಟ್. ಗಾಜಿನ ಬಿಲ್ಲೆ, ಅದರ ತುಂಬ ಕೂದಲಿಗಿಂತ ಸಣ್ಣ ತೂತುಗಳು. ಒಂದು ಎಲೆಕ್ಟ್ರಾನ್ ತೂತಿನ ಗೋಡೆಗೆ ಬಡಿದರೆ ಇನ್ನಷ್ಟು ಹಾರುತ್ತವೆ. ಅವು ಮತ್ತೆ ಬಡಿಯುತ್ತವೆ. ಎರಡು ಬಿಲ್ಲೆ ದಾಟುವಷ್ಟರಲ್ಲಿ ಒಂದು ಹೋಗಿ ಹತ್ತು ಲಕ್ಷಕ್ಕೂ ಹೆಚ್ಚಾಗಿರುತ್ತವೆ. ಆ ಮಿಡಿತವನ್ನು ಸರ್ಕ್ಯೂಟ್ ಎಣಿಸುತ್ತದೆ. ಅಂದರೆ ನಾವು ನಿಜವಾಗಿಯೂ ಎಲೆಕ್ಟ್ರಾನ್‌ಗಳನ್ನು ಒಂದೊಂದಾಗಿ ಎಣಿಸುತ್ತೇವೆ. ಮೊದಲ ಸಲ ವ್ಯಾಕ್ಯೂಮ್ ಚೇಂಬರಿನ ಹೊರಗೆ ಕೂತು ಆಸಿಲೋಸ್ಕೋಪಿನಲ್ಲಿ ಆ ಮಿಡಿತ ನೋಡಿದ ದಿನ ನನಗೆ ಇಂದಿಗೂ ನೆನಪಿದೆ. ಒಂದು ಗೆರೆ ಎದ್ದರೆ ಒಂದು ಎಲೆಕ್ಟ್ರಾನ್.

ಇನ್ನೊಂದು ಅನುಕೂಲ ಇದೆ. ನಿಮ್ಮ ಪ್ರಶ್ನೆಗೆ ಅದೇ ಕೀಲಿ. ಸೀಳು ಸುತ್ತಲೂ 360 ಡಿಗ್ರಿ ತೆರೆದಿರುತ್ತದೆ. ಯಾವ ದಿಕ್ಕಿನಿಂದ ಬಂತೋ ಅದಕ್ಕೆ ತಕ್ಕಂತೆ ಎಲೆಕ್ಟ್ರಾನ್ ಅಂಚಿನ ಬೇರೆ ಬೇರೆ ಜಾಗದಲ್ಲಿ ಬೀಳುತ್ತದೆ. ಉಪಕರಣವನ್ನು ಕಾಂತರೇಖೆ ಅದರ ಸೀಳಿನ ಸಮತಲದಲ್ಲೇ ಬರುವ ಹಾಗೆ ಕೂರಿಸಿದರೆ, ಕೆಳಕ್ಕೆ ಹೋಗುತ್ತಿರುವವು, ಅಡ್ಡ ಸುತ್ತುತ್ತಿರುವವು, ಮೇಲಕ್ಕೆ ಹೋಗುತ್ತಿರುವವು, ಮೂರೂ ಒಟ್ಟಿಗೆ ಸಿಗುತ್ತವೆ. ಕಾಂತರೇಖೆಗೂ ಎಲೆಕ್ಟ್ರಾನಿನ ದಾರಿಗೂ ನಡುವಿನ ಕೋನಕ್ಕೆ ಪಿಚ್ ಆಂಗಲ್ ಅನ್ನುತ್ತೇವೆ. ಪಿಚ್ ಆಂಗಲ್ ಗೊತ್ತಿಲ್ಲದ ಎಣಿಕೆ ನನ್ನ ದೃಷ್ಟಿಯಲ್ಲಿ ಅರ್ಧ ಅಳತೆ ಮಾತ್ರ.

ಈಗ ನಿಮ್ಮ ಗ್ರಾಫಿಗೆ ಬರೋಣ. ಒಂದು ಉದ್ದನೆಯ ಇಳಿಜಾರು ಇದೆ ಅಂದುಕೊಳ್ಳಿ. ಅದರ ಬುಡದಲ್ಲಿ ಸಮತಟ್ಟಾದ ಜಾಗ. ಸಮತಟ್ಟಿನ ಆ ಕೊನೆಯಲ್ಲಿ ಕಲ್ಲಿನ ರಾಶಿ. ಇಳಿಜಾರು ಅಂದರೆ ಮೇಲಿನ ವೋಲ್ಟೇಜ್. ಕಲ್ಲಿನ ರಾಶಿ ಅಂದರೆ ನಮ್ಮ ವಾತಾವರಣ. ಉರುಳುವ ಚೆಂಡುಗಳು ಅಂದರೆ ಎಲೆಕ್ಟ್ರಾನ್‌ಗಳು. ರಾಕೆಟ್ ಇರುವುದು ನಡುವಿನ ಸಮತಟ್ಟಿನಲ್ಲಿ.

ಮೇಲಿನಿಂದ ಉರುಳಿದ ಪ್ರತಿ ಚೆಂಡಿಗೂ ಪೂರ್ತಿ ಇಳಿಜಾರಿನ ವೇಗ ಇರುತ್ತದೆ. ನೀವು ಹೇಳಿದ ಹಾಗೆ ಕಡೇಪಕ್ಷ 6 ಕಿಲೋ ಎಲೆಕ್ಟ್ರಾನ್ ವೋಲ್ಟ್. ಅದೇ ನಿಮ್ಮ ಶಿಖರ. ಚೆಂಡು ಹೋಗಿ ರಾಶಿಗೆ ಬಡಿಯುತ್ತದೆ, ಚೂರುಗಳು ಸಿಡಿಯುತ್ತವೆ. ಗಾಳಿಯ ಅಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತು ಅಯಾನು ಜೋಡಿ ಹುಟ್ಟಿಸಲು ಸರಾಸರಿ 35 ಎಲೆಕ್ಟ್ರಾನ್ ವೋಲ್ಟ್ ಬೇಕು. ಹಾಗಾಗಿ 6 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಒಂದೇ ಎಲೆಕ್ಟ್ರಾನ್ ಸುಮಾರು 170 ಹೊಸ ಎಲೆಕ್ಟ್ರಾನ್‌ಗಳನ್ನು ಬಿಡಿಸುತ್ತದೆ. ಅವುಗಳಲ್ಲಿ ಕೆಲವು ಮೇಲ್ಮುಖವಾಗಿ ಹೊರಡುತ್ತವೆ. ಬಂದ ಚೆಂಡುಗಳಲ್ಲೇ ಕೆಲವು ಸ್ವಲ್ಪ ಶಕ್ತಿ ಕಳೆದುಕೊಂಡು ಪುಟಿದು ಹಿಂತಿರುಗುತ್ತವೆ.

ಈ ಮೇಲೆ ಹೊರಟವುಗಳ ಗತಿ ಏನು? ಅವು ಸಮತಟ್ಟು ದಾಟಿ ಇಳಿಜಾರಿನ ಬುಡಕ್ಕೆ ಬರುತ್ತವೆ. ಹತ್ತಲು 6 ಕಿಲೋ ಎಲೆಕ್ಟ್ರಾನ್ ವೋಲ್ಟ್ ಬೇಕು. ಇವುಗಳ ಹತ್ತಿರ ಇರುವುದು 100, 500, 2000 ಎಲೆಕ್ಟ್ರಾನ್ ವೋಲ್ಟ್. ಸ್ವಲ್ಪ ದೂರ ಹತ್ತಿ, ನಿಂತು, ವಾಪಸ್ ಉರುಳುತ್ತವೆ. ವಾಪಸ್ ಬರುವಾಗ ಅವು ಕೆಳಮುಖ. ನಿಮ್ಮ ಗ್ರಾಫಿನ ಎಡಗಡೆ ಇರುವುದು ಇವೇ. ಅವು ಮೇಲಿನಿಂದ ಬರುತ್ತಿರುವುದು ನಿಜ, ಆದರೆ ಅವು ಹುಟ್ಟಿದ್ದು ಕೆಳಗೆ.

ಭೌತವಿಜ್ಞಾನಿ ಡೇವಿಡ್ ಇವಾನ್ಸ್ 1974ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಅದಕ್ಕೂ ಮುಂಚೆ ಈ ಎಡಗಡೆಯ ಏರಿಕೆಯೇ ವೋಲ್ಟೇಜ್ ವಾದಕ್ಕೆ ದೊಡ್ಡ ಅಡ್ಡಿಯಾಗಿತ್ತು. ನೀವು ಕೇಳಿದ್ದನ್ನೇ ಆಗ ಇಡೀ ಕ್ಷೇತ್ರ ಕೇಳುತ್ತಿತ್ತು. ಶಿಖರ ಇರುವುದು ಮೊದಲೇ ಗೊತ್ತಿತ್ತು. ಕಾರ್ಲ್ ಮೆಕಿಲ್ವೇನ್ 1958ರಲ್ಲಿ ಕೆನಡಾದ ಫೋರ್ಟ್ ಚರ್ಚಿಲ್‌ನಿಂದ ಅರೋರಾದೊಳಗೆ ರಾಕೆಟ್ ಹಾರಿಸಿ, ಹೊಳೆಯುವ ಕಮಾನಿನೊಳಗಿನ ಎಲೆಕ್ಟ್ರಾನ್‌ಗಳಿಗೆ ಹೆಚ್ಚುಕಡಿಮೆ ಒಂದೇ ಶಕ್ತಿ, ಸುಮಾರು 6 ಕಿಲೋ ಎಲೆಕ್ಟ್ರಾನ್ ವೋಲ್ಟ್, ಇದೆ ಅಂತ ಕಂಡಿದ್ದರು. ಎಲ್ಲಕ್ಕೂ ಒಂದೇ ಶಕ್ತಿ ಇರಬೇಕಾದರೆ ಅವೆಲ್ಲ ಒಂದೇ ಇಳಿಜಾರು ಇಳಿದಿರಬೇಕು. ಇಷ್ಟು ಸರಳ ಸುಳಿವು ಕೈಯಲ್ಲಿದ್ದರೂ ಎಡಗಡೆಯ ಆ ಏರಿಕೆ ಎಲ್ಲರನ್ನೂ ಅಷ್ಟು ವರ್ಷ ತಡೆದು ನಿಲ್ಲಿಸಿತ್ತು.

ಇದನ್ನು ನೀವೇ ಪರೀಕ್ಷಿಸಬಹುದು. ನೀವು ನೋಡಿದ ಕಡೆಯೇ ಮೇಲ್ಮುಖ ಎಲೆಕ್ಟ್ರಾನ್‌ಗಳ ಗೆರೆಯೂ ಇದೆಯಾ ನೋಡಿ. ಸಮತಟ್ಟಿನಲ್ಲಿ ಚೂರುಗಳು ಹೋಗುತ್ತಲೂ ಇವೆ, ಬರುತ್ತಲೂ ಇವೆ. ಹಾಗಾಗಿ ಶಿಖರದ ಎಡಗಡೆ ಎರಡೂ ಗೆರೆ ಹೆಚ್ಚುಕಡಿಮೆ ಸೇರಿಕೊಂಡಿರಬೇಕು. ಶಿಖರದ ಹತ್ತಿರ ಮತ್ತು ಅದರ ಬಲಗಡೆ ಕೆಳಮುಖದ ಗೆರೆ ಮೇಲೆ, ಮೇಲ್ಮುಖದ್ದು ತುಂಬಾ ಕೆಳಗೆ ಇರಬೇಕು.

ಒಂದು ಎಚ್ಚರಿಕೆ. ತೀರಾ ಎಡಗಡೆಯ, ಹತ್ತಿಪ್ಪತ್ತು ಎಲೆಕ್ಟ್ರಾನ್ ವೋಲ್ಟಿಗಿಂತ ಕೆಳಗಿನ ಬಿಂದುಗಳನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಉಪಕರಣದ ಲೋಹಕ್ಕೆ ಬಡಿದ ಎಲೆಕ್ಟ್ರಾನ್‌ಗಳೂ ಚೂರುಗಳನ್ನು ಸಿಡಿಸುತ್ತವೆ. ಭೂಮಿಯ ಕಾಂತಕ್ಷೇತ್ರದಲ್ಲಿ 10 ಎಲೆಕ್ಟ್ರಾನ್ ವೋಲ್ಟಿನದ್ದು ಸುತ್ತುವ ವೃತ್ತದ ತ್ರಿಜ್ಯ ಬರೀ 20 ಸೆಂಟಿಮೀಟರ್. ಅಂದರೆ ಅದು ರಾಕೆಟ್ಟಿನ ಮೈ ಸುತ್ತಿಕೊಂಡು ಬೇರೆ ದಿಕ್ಕಿನಿಂದ ಬಂದಂತೆ ಕಾಣಬಹುದು. 10 ಕಿಲೋ ಎಲೆಕ್ಟ್ರಾನ್ ವೋಲ್ಟಿನದ್ದಕ್ಕೆ ಅದೇ ವೃತ್ತ ಆರು ಮೀಟರ್, ಆ ತೊಂದರೆ ಇಲ್ಲ. ಲ್ಯಾಬಿನಲ್ಲಿ ಕಡಿಮೆ ಶಕ್ತಿಯ ಕ್ಯಾಲಿಬ್ರೇಶನ್ ಮಾಡುವಾಗ ಚೇಂಬರಿನ ಸುತ್ತ ಕಾಯಿಲ್ ಸುತ್ತಿ ಭೂಮಿಯ ಕ್ಷೇತ್ರವನ್ನೇ ರದ್ದು ಮಾಡುತ್ತಿದ್ದೆವು.

ಇದು ನಿಮ್ಮ ಎರಡನೇ ಪ್ರಶ್ನೆಗೂ ಕೊಂಡಿ. ಹೌದು, ರಾಕೆಟ್ಟಿಗೆ ಚಾರ್ಜ್ ಹತ್ತುತ್ತದೆ. ಸುತ್ತಲಿನ ಎಲೆಕ್ಟ್ರಾನ್‌ಗಳು ಅಯಾನುಗಳಿಗಿಂತ ಚುರುಕು, ಅವೇ ಮೊದಲು ಬಂದು ಅಂಟುತ್ತವೆ. ಹಾಗಾಗಿ ಸಾಮಾನ್ಯವಾಗಿ ಒಂದು ವೋಲ್ಟ್ ಆಸುಪಾಸು ಋಣ ಆಗುತ್ತದೆ. 6,000ದ ಮುಂದೆ ಒಂದು ಯಾವ ಲೆಕ್ಕ? ಆದರೆ ಅಯಾನುಗೋಳದ (ವಾತಾವರಣದ ಮೇಲ್ಭಾಗದ, ಚಾರ್ಜ್ ಹೊತ್ತ ಕಣಗಳಿರುವ ಪದರ) ತಣ್ಣನೆಯ ಎಲೆಕ್ಟ್ರಾನ್‌ಗಳ ಶಕ್ತಿ 0.1, 0.2 ಎಲೆಕ್ಟ್ರಾನ್ ವೋಲ್ಟ್ ಅಷ್ಟೇ. ಅವನ್ನು ಈ ಒಂದು ವೋಲ್ಟ್ ಹೊರಗೇ ತಳ್ಳಿಬಿಡುತ್ತದೆ. ಅದಕ್ಕಾಗಿ ಲ್ಯಾಂಗ್ಮುಯಿರ್ ಪ್ರೋಬ್ ಅನ್ನುವ ಸಣ್ಣ ಲೋಹದ ತುಂಡನ್ನು ಉದ್ದನೆಯ ಕೋಲಿನ ತುದಿಗೆ ಕಟ್ಟಿ ರಾಕೆಟ್ಟಿನಿಂದ ದೂರ ಚಾಚುತ್ತಾರೆ, ವೋಲ್ಟೇಜ್ ಬದಲಿಸುತ್ತಾ ಕರೆಂಟ್ ಅಳೆಯುತ್ತಾರೆ. ಒಂದೇ ಉಪಕರಣದಿಂದ ಎಲ್ಲವನ್ನೂ ಅಳೆಯಲು ಆಗುವುದಿಲ್ಲ.

ಉಡಾವಣೆಯ ಬಗ್ಗೆಯೂ ಒಂದಿಷ್ಟು ಹೇಳುತ್ತೇನೆ, ಕೇಳದಿದ್ದರೂ. ಪೋಕರ್ ಫ್ಲ್ಯಾಟ್ ಇರುವುದು ಫೇರ್‌ಬ್ಯಾಂಕ್ಸ್ ಊರಿನಿಂದ ಈಶಾನ್ಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ. ಚಳಿ ಎಷ್ಟಿರುತ್ತದೆ ಅಂದರೆ ರಾಕೆಟ್ಟಿಗೆ ಥರ್ಮೋಕೋಲಿನ ಗೂಡು ಕಟ್ಟಿ ಒಳಗೆ ಬಿಸಿಗಾಳಿ ಬಿಡುತ್ತಾರೆ. ಉಡಾಯಿಸಿದಾಗ ರಾಕೆಟ್ ಆ ಗೂಡನ್ನು ಸೀಳಿಕೊಂಡೇ ಹೋಗುತ್ತದೆ. ಗಾಜಿನ ಬಿಲ್ಲೆಗೆ ತೇವ ತಾಕಬಾರದು, ಹಾಗಾಗಿ ಕೊನೆಯ ಕ್ಷಣದವರೆಗೂ ಒಣ ನೈಟ್ರೋಜನ್ ಹರಿಸುತ್ತಿರಬೇಕು. ಆ ಸಿಲಿಂಡರಿನ ಮುಳ್ಳನ್ನು ರಾತ್ರಿಯಿಡೀ ನೋಡುವುದು ನನ್ನ ಕೆಲಸವಾಗಿತ್ತು. ಉತ್ತರಕ್ಕೆ, ರಾಕೆಟ್ ಹೋಗುವ ದಾರಿಯ ಕೆಳಗೆ, ಕ್ಯಾಮೆರಾಗಳನ್ನು ಇಟ್ಟಿರುತ್ತಾರೆ. ಕಮಾನು ಕಂಡ ಕೂಡಲೇ ಗುಂಡಿ ಒತ್ತಿದರೆ ಆಗುವುದಿಲ್ಲ. 400 ಕಿಲೋಮೀಟರ್ ಎತ್ತರ ತಲುಪಲು ಐದು ನಿಮಿಷ ಬೇಕು. ಐದು ನಿಮಿಷದ ನಂತರ ಅರೋರಾ ಎಲ್ಲಿರುತ್ತದೆ ಅಂತ ತಂಡದ ಮುಖ್ಯಸ್ಥರು ಊಹಿಸಬೇಕು. ಉಡಾವಣೆಯ ಕ್ಷಣಗಣನೆಯನ್ನು ಕೊನೆಯ ಕೆಲವು ನಿಮಿಷಕ್ಕೆ ತಂದು ನಿಲ್ಲಿಸಿಕೊಂಡು ರಾತ್ರಿ ರಾತ್ರಿ ಕಾಯುತ್ತೇವೆ. ಹನ್ನೊಂದು ರಾತ್ರಿ ಕಾದು ಹನ್ನೆರಡನೆಯ ರಾತ್ರಿ ಹಾರಿಸಿದ್ದೂ ಇದೆ.

ಆ ಹಾರಾಟದಲ್ಲಿ ನಮಗೊಂದು ಪೆಟ್ಟು ಬಿತ್ತು. ಬಿಲ್ಲೆಗೆ ಎರಡು ಸಾವಿರ ವೋಲ್ಟಿಗೂ ಹೆಚ್ಚು ಬೇಕು. ಅದನ್ನು ನೆಲದಲ್ಲೇ ಹಚ್ಚುವ ಹಾಗಿಲ್ಲ. 50ರಿಂದ 80 ಕಿಲೋಮೀಟರಿನ ತೆಳು ಗಾಳಿ ಕಿಡಿ ಹಾರಲು ಹೇಳಿ ಮಾಡಿಸಿದ ಜಾಗ. ನೂರು ಕಿಲೋಮೀಟರ್ ದಾಟಿದ ಮೇಲೆ ಟೈಮರ್ ಅದನ್ನು ಹಚ್ಚುತ್ತದೆ. ಅವತ್ತು ಹಚ್ಚಿತು, ಎಣಿಕೆ ಬಂತು, ಎಲ್ಲರೂ ಉಸಿರು ಬಿಟ್ಟೆವು. ಮುಂದೆ ರಾಕೆಟ್ ಎಲ್ಲಕ್ಕಿಂತ ಪ್ರಕಾಶಮಾನವಾದ ಕಮಾನಿನೊಳಗೆ ಹೊಕ್ಕ ಹೊತ್ತಿಗೇ ನಮ್ಮ ಎರಡು ಅನಲೈಸರ್‌ಗಳಲ್ಲಿ ಒಂದರ ವೋಲ್ಟೇಜ್ ಬಿದ್ದುಹೋಯಿತು. ನಲವತ್ತು ಸೆಕೆಂಡ್ ಬಿಟ್ಟು ಮತ್ತೆ ಬಂತು. ಅಷ್ಟರಲ್ಲಿ ಕಮಾನು ಹಿಂದೆ ಉಳಿದಿತ್ತು. ಹೊರಗಿನವರಿಂದ ಕೊಂಡ ಪವರ್ ಸಪ್ಲೈ ಅದು. ಅದೇ ಬ್ಯಾಚಿನಲ್ಲಿ ಬಂದು ಉಳಿದಿದ್ದ ಇನ್ನೊಂದನ್ನು ಕತ್ತರಿಸಿ ನೋಡಿದಾಗ, ಒಳಗೆ ಸುರಿದು ಗಟ್ಟಿ ಮಾಡಿದ ರಾಳದಲ್ಲಿ ಗಾಳಿಗುಳ್ಳೆ ಕಂಡಿತು. ಸಾಸಿವೆ ಕಾಳಿನಷ್ಟು. ನೆಲದ ಪರೀಕ್ಷೆಯಲ್ಲಿ ಅದು ಸಿಕ್ಕಿರಲಿಲ್ಲ. ಆ ನಲವತ್ತು ಸೆಕೆಂಡಿನ ಖಾಲಿ ಪಟ್ಟಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಎರಡನೇ ಅನಲೈಸರ್ ಕೆಲಸ ಮಾಡಿದ್ದರಿಂದ ಹಾರಾಟ ಪೂರ್ತಿ ವ್ಯರ್ಥವಾಗಲಿಲ್ಲ.

ಹಳೇಆಂಟೆನಾ:

ಬಹಳ ಚೆನ್ನಾಗಿ ಬರೆದಿದ್ದೀರಿ. ರಾಕೆಟ್ ಮಾತು ಬಂದಿದ್ದರಿಂದ ಒಂದು ಸೇರಿಸುತ್ತೇನೆ. 1995ರ ಜನವರಿ 25ರಂದು ನಾರ್ವೆಯ ಆಂಡೋಯಾದಿಂದ ಅರೋರಾ ಅಧ್ಯಯನಕ್ಕೆ ಒಂದು ಬ್ಲ್ಯಾಕ್ ಬ್ರಾಂಟ್ 12 ಹಾರಿಸಿದರು. ನಾಲ್ಕು ಹಂತದ ದೊಡ್ಡ ರಾಕೆಟ್, ಸಾವಿರದ ನಾನೂರು ಕಿಲೋಮೀಟರಿಗೂ ಮೇಲೆ ಹೋಯಿತು. ರಷ್ಯಾದ ರಾಡಾರ್‌ನವರು ಅದನ್ನು ಜಲಾಂತರ್ಗಾಮಿಯಿಂದ ಬಂದ ಕ್ಷಿಪಣಿ ಇರಬಹುದು ಅಂದುಕೊಂಡರು. ಅಧ್ಯಕ್ಷ ಯೆಲ್ಸಿನ್ ಅವರ ಅಣ್ವಸ್ತ್ರ ಪೆಟ್ಟಿಗೆ ತೆರೆಯುವವರೆಗೆ ಹೋಯಿತು. ನಾರ್ವೆ ಮೊದಲೇ ತಿಳಿಸಿತ್ತು, ಆದರೆ ಆ ಸುದ್ದಿ ರಾಡಾರ್ ಮುಂದೆ ಕೂತವರಿಗೆ ಮುಟ್ಟಿರಲಿಲ್ಲ. ಎಲೆಕ್ಟ್ರಾನ್ ಎಣಿಸುವ ಕೆಲಸದಲ್ಲಿ ಒಂದು ಕಾಗದ ಸರಿಯಾದ ಕೈಗೆ ತಲುಪುವುದೂ ಎಷ್ಟು ಮುಖ್ಯ ನೋಡಿ.

ಬೆಳಕಿನಬೆರಗು:

ನಿರ್ವಾತ ಅವರಿಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. ‘ಹುಟ್ಟಿದ್ದು ಕೆಳಗೆ’ ಅನ್ನುವ ಕಡೆ ಓದು ನಿಲ್ಲಿಸಿ ಸುಮ್ನೆ ಕೂತುಬಿಟ್ಟೆ.

ಇನ್ನೊಂದು ಕೇಳಬಹುದಾ? ಎಣಿಕೆ ದಿಢೀರನೆ ಜಾಸ್ತಿಯಾದರೆ, ಅರೋರಾ ಬದಲಾಯಿತೋ ಇಲ್ಲ ರಾಕೆಟ್ ಬೇರೆ ಜಾಗಕ್ಕೆ ಬಂತೋ ಅಂತ ಹೇಗೆ ಗೊತ್ತಾಗುತ್ತದೆ? ಮತ್ತೆ ಎಲ್ಲ ಅರೋರಾಕ್ಕೂ ಈ ಶಿಖರ ಇರುತ್ತದಾ?

ನಿರ್ವಾತ:

ಒಂದೇ ರಾಕೆಟ್ಟಿನ ಎಣಿಕೆ ಮಾತ್ರ ಇದ್ದರೆ ಗೊತ್ತಾಗುವುದಿಲ್ಲ. ಈ ಕೆಲಸದ ಅತಿ ದೊಡ್ಡ ಕಷ್ಟ ಇದೇ. ನೆಲದ ಕ್ಯಾಮೆರಾ ಚಿತ್ರದಲ್ಲಿ ರಾಕೆಟ್ಟಿನ ಕಾಂತರೇಖೆ 100 ಕಿಲೋಮೀಟರ್ ಎತ್ತರದಲ್ಲಿ ಎಲ್ಲಿ ಮುಟ್ಟುತ್ತದೋ ಆ ಬಿಂದುವನ್ನು ಗುರುತಿಸಿ, ಅಲ್ಲಿನ ಬೆಳಕು ಆಗ ಬದಲಾಯಿತಾ ಅಂತ ನೋಡುತ್ತಾರೆ. ಅದಕ್ಕಿಂತ ಒಳ್ಳೆಯ ದಾರಿ ಒಂದು ರಾಕೆಟ್ಟಿನಿಂದ ಹಲವು ಸಣ್ಣ ಪೆಟ್ಟಿಗೆಗಳನ್ನು ಹೊರಹಾಕುವುದು. ಎಲ್ಲದರಲ್ಲೂ ಒಟ್ಟಿಗೆ ಏರಿದರೆ ಅರೋರಾ ಬದಲಾಯಿತು. ಒಂದಾದ ಮೇಲೆ ಒಂದರಲ್ಲಿ ಏರಿದರೆ ಅವು ಸಾಲಾಗಿ ಪರದೆ ದಾಟುತ್ತಿವೆ.

ಎಲ್ಲಕ್ಕೂ ಶಿಖರ ಇರುವುದಿಲ್ಲ. ನಿಶ್ಚಲವಾಗಿ ನಿಂತ ಕಮಾನಿನಲ್ಲಿ ಚೆನ್ನಾಗಿ ಕಾಣುತ್ತದೆ. ಕುಣಿಯುವ, ಅಂಚುಗಳಲ್ಲಿ ಹರಿದಾಡುವ ಅರೋರಾದಲ್ಲಿ ಬೇರೆಯೇ ಗುರುತು ಸಿಗುತ್ತದೆ. ಅಲ್ಲಿ ಎಲೆಕ್ಟ್ರಾನ್‌ಗಳನ್ನು ನೂಕುವುದು ಕಾಂತರೇಖೆಯುದ್ದಕ್ಕೂ ಇಳಿಯುವ ಅಲೆಗಳು, ಆಲ್ಫ್ವೆನ್ ಅಲೆಗಳು. ಎಲ್ಲ ಶಕ್ತಿಯವೂ ಒಂದೇ ಕ್ಷಣ ಹೊರಡುತ್ತವೆ, ಬೇರೆ ಬೇರೆ ಕ್ಷಣ ತಲುಪುತ್ತವೆ. 1 ಕಿಲೋ ಎಲೆಕ್ಟ್ರಾನ್ ವೋಲ್ಟಿನದ್ದು ಸೆಕೆಂಡಿಗೆ ಸುಮಾರು 18,700 ಕಿಲೋಮೀಟರ್ ಹೋಗುತ್ತದೆ. 100 ಎಲೆಕ್ಟ್ರಾನ್ ವೋಲ್ಟಿನದ್ದು 5,900. ಹೊರಟ ಜಾಗ 3,000 ಕಿಲೋಮೀಟರ್ ಮೇಲಿದ್ದರೆ ಮೊದಲನೆಯದು 0.16 ಸೆಕೆಂಡಿನಲ್ಲಿ, ಎರಡನೆಯದು 0.51 ಸೆಕೆಂಡಿನಲ್ಲಿ ಬರುತ್ತದೆ. 50 ಮಿಲಿಸೆಕೆಂಡಿಗೊಮ್ಮೆ ಎಲ್ಲ ಮೆಟ್ಟಿಲು ಇಳಿದು ಮುಗಿಸುವ ಉಪಕರಣಕ್ಕೆ ಈ 0.35 ಸೆಕೆಂಡ್ ಸ್ಪಷ್ಟವಾಗಿ ಕಾಣುತ್ತದೆ. ಅಡ್ಡಕ್ಕೆ ಸಮಯ, ಲಂಬಕ್ಕೆ ಶಕ್ತಿ ಇಟ್ಟ ಬಣ್ಣದ ಚಿತ್ರದಲ್ಲಿ ಅದು ಬಾಗಿದ ಗೆರೆಗಳಾಗಿ ಬರುತ್ತದೆ, ಮೇಲೆ ಮೊದಲು, ಕೆಳಗೆ ಆಮೇಲೆ. ಆ ಬಾಗನ್ನು ಹಿಂದಕ್ಕೆ ಎಳೆದರೆ ಅವು ಎಷ್ಟು ಎತ್ತರದಿಂದ ಹೊರಟವು ಅನ್ನುವುದು ಸಿಗುತ್ತದೆ. ರಾಕೆಟ್ ಎಂದೂ ಹೋಗದ ಎತ್ತರವನ್ನು ಅಲ್ಲಿಂದ ಬಂದ ಎಲೆಕ್ಟ್ರಾನ್‌ಗಳೇ ಅಳೆದು ಕೊಡುತ್ತವೆ. ಈ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಲೆಕ್ಕ ಇದು.

ಮೂರನೆಯ ಬಗೆಯೂ ಇದೆ, ಮಿನುಗಿ ಆರಿ ಮಿನುಗುವ ಅರೋರಾ. ಅಲ್ಲಿ ನೂಕುವ ವೋಲ್ಟೇಜ್ ಇಲ್ಲ. ದೂರದಲ್ಲಿ ಸಿಕ್ಕಿಕೊಂಡಿದ್ದ ಎಲೆಕ್ಟ್ರಾನ್‌ಗಳ ದಿಕ್ಕನ್ನು ಅಲೆಗಳು ಬದಲಿಸಿ ಕೆಳಕ್ಕೆ ಉದುರಿಸುತ್ತವೆ. 2022ರ ಮಾರ್ಚಿನಲ್ಲಿ ಪೋಕರ್ ಫ್ಲ್ಯಾಟಿನಿಂದ ಹಾರಿದ ‘ಲ್ಯಾಂಪ್’ ಎಂಬ ಹೆಸರಿನ ರಾಕೆಟ್ ಇದನ್ನೇ ಅಳೆಯಲು ಹೋಗಿತ್ತು.

ದಶಾಂಶ:

ನನ್ನ ಊಹೆ ತಿದ್ದಿದ್ದಕ್ಕೆ ಧನ್ಯವಾದ. ಒಂದು ಲೆಕ್ಕ ನಾನೂ ಹಾಕಿದೆ, ಸರಿಯಾ ನೋಡಿ. 500 ಎಲೆಕ್ಟ್ರಾನ್ ವೋಲ್ಟಿನ ‘ಚೂರು’ ಸೆಕೆಂಡಿಗೆ ಸುಮಾರು 13,000 ಕಿಲೋಮೀಟರ್ ಹೋಗುತ್ತದೆ. ಇಳಿಜಾರಿನ ಬುಡ 4,000 ಕಿಲೋಮೀಟರ್ ಮೇಲಿದ್ದರೆ ಹೋಗಿ ಬರಲು 0.6 ಸೆಕೆಂಡ್. ಹಾಗಾದರೆ ಶಿಖರದ ಎಲೆಕ್ಟ್ರಾನ್‌ಗಳು ದಿಢೀರ್ ನಿಂತರೆ ಎಡಗಡೆಯವು ಇನ್ನೂ ಅರ್ಧ ಸೆಕೆಂಡಿನಷ್ಟು ಕಾಣಬೇಕು, ಅಲ್ವಾ?

ನಿರ್ವಾತ:

ಲೆಕ್ಕ ಸರಿ, ತರ್ಕವೂ ಸರಿ. ಇಳಿಜಾರು ಅಷ್ಟು ಹೊತ್ತು ಹಾಗೇ ಇದ್ದರೆ ಕಾಣಬೇಕು. ವೋಲ್ಟೇಜೇ ಇಲ್ಲವಾಗಿದ್ದರೆ ಅವು ವಾಪಸ್ ಬರುವುದಿಲ್ಲ, ಮೇಲಕ್ಕೆ ಹೊರಟೇ ಹೋಗುತ್ತವೆ.

ಬೆಳಕಿನಬೆರಗು:

ಮೇಲ್ಮುಖದ ಗೆರೆ ಸಿಕ್ಕಿತು! ಅದೇ ಚಿತ್ರದ ಕೆಳಗೆ ಇನ್ನೊಂದು ಚೌಕದಲ್ಲಿತ್ತು, ನಾನು ಗಮನಿಸಿರಲಿಲ್ಲ. ಎರಡನ್ನೂ ಪಾರದರ್ಶಕ ಕಾಗದದ ಮೇಲೆ ಪೆನ್ಸಿಲಿನಲ್ಲಿ ತಿದ್ದಿಕೊಂಡು ಒಂದರ ಮೇಲೊಂದು ಇಟ್ಟು ನೋಡಿದೆ. 100ರಿಂದ ಸುಮಾರು 2,000 ಎಲೆಕ್ಟ್ರಾನ್ ವೋಲ್ಟಿನವರೆಗೆ ಎರಡೂ ಒಂದೇ ಗೆರೆಯ ಹಾಗೆ ಕೂತವು. ಅಲ್ಲಿಂದ ನಿಧಾನವಾಗಿ ಬೇರೆಯಾಗುತ್ತವೆ. 6 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಹತ್ತಿರ ಕೆಳಮುಖದ್ದು ಶಿಖರಕ್ಕೆ ಏರುತ್ತದೆ, ಮೇಲ್ಮುಖದ್ದಕ್ಕೆ ಅಲ್ಲಿ ಏನೂ ಇಲ್ಲ, ಸುಮ್ನೆ ಇಳಿದು ಹೋಗುತ್ತದೆ.